ಅಂಗಳದಲ್ಲೊಂದು ಹಳೇ ಹಾಯಿದೋಣಿ: ಮನೆಮಂದಿಯೆಲ್ಲ ಸೇರಿ ರಿಪೇರಿ ಮಾಡುವ ಸಮಗ್ರ ಮಾರ್ಗದರ್ಶಿ

ತುಂಗಭದ್ರಾ ಡ್ಯಾಮಿನ ಪಕ್ಕದ ಮುನಿರಾಬಾದಿನ ನಮ್ಮ ಮನೆ ಅಂಗಳದಲ್ಲಿ, ಬೇವಿನ ಮರದ ಕೆಳಗೆ, ಒಂದು ಹಳೇ ಹಾಯಿದೋಣಿ ಇದೆ. ಸಮುದ್ರ ನೋಡಬೇಕೆಂದರೆ ನಾವು ಘಟ್ಟ ಇಳಿಯಬೇಕು. ಹಾಗಾಗಿ ಹುಲಿಗೆಮ್ಮನ ಗುಡಿಗೆ ಹೊರಟವರು ದಾರಿ ತಪ್ಪಿ ನಮ್ಮ ಓಣಿಗೆ ಬಂದರೆ ಗೇಟಿನ ಹತ್ತಿರ ನಿಂತು, "ಇದು ಇಲ್ಲಿಗೆ ಹೆಂಗ್ ಬಂತ್ರೀ?" ಅಂತ ಕೇಳಿಯೇ ಮುಂದೆ ಹೋಗುತ್ತಾರೆ. ಅಕ್ಕಿ ಲಾರಿಯಲ್ಲಿ ಬಂತು. ಗಂಗಾವತಿಯಿಂದ ಕರಾವಳಿಗೆ ಅಕ್ಕಿ ಇಳಿಸಲು ಹೋದ ಲಾರಿ ಖಾಲಿ ವಾಪಸ್ ಬರುವಾಗ, ಹಳೇ ಟೈರುಗಳ ಮೇಲೆ ಮಲಗಿಸಿಕೊಂಡು ನಮ್ಮನೆಯವರು ತಂದರು. ನನ್ನನ್ನು ಕೇಳದೆ ತಂದರು, ಅದು ಬೇರೆ ಮಾತು.

ಮನೆಯಲ್ಲಿ ನಾವು ಐದು ಜನ. ನಾನು, ನಮ್ಮನೆಯವರು, ಅತ್ತೆ, ಎಂಟನೇ ಕ್ಲಾಸಿನ ಮಗಳು, ನಾಲ್ಕನೇ ಕ್ಲಾಸಿನ ಮಗ. ದೋಣಿ ರಿಪೇರಿ ಬಗ್ಗೆ ಓದಲು ಬೇಕಾದಷ್ಟು ಸಿಗುತ್ತದೆ. ಆದರೆ ಅದರಲ್ಲಿ ಹೆಚ್ಚಿನದು ತಂಪು ದೇಶದವರು, ದೊಡ್ಡ ಶೆಡ್ ಇದ್ದವರು, ಮನೆಯಲ್ಲಿ ಯಾರ ಕಾಟವೂ ಇಲ್ಲದವರು ಬರೆದದ್ದು. ಬಟ್ಟೆ ಒಣಹಾಕುವ ತಂತಿಯ ಕೆಳಗೆ, 40 ಡಿಗ್ರಿ ದಾಟಿದ ಬಿಸಿಲಲ್ಲಿ, ಪರೀಕ್ಷೆಗೆ ಓದುವ ಮಕ್ಕಳನ್ನು ಇಟ್ಟುಕೊಂಡು ಈ ಕೆಲಸ ಹೇಗೆ ಮಾಡುವುದು ಅಂತ ನಮಗೆ ಯಾರೂ ಹೇಳಲಿಲ್ಲ. ಮೊದಲ ವರ್ಷ ದೋಣಿ ಹೇಳಿದ ಹಾಗೆ ಮನೆ ಕುಣಿಯಿತು. ಅಡುಗೆ ತಡ, ಮಾತು ಬಿಡುವುದು, ದೋಣಿ ಕೆಲಸವೂ ಅರ್ಧಂಬರ್ಧ. ಎರಡನೇ ವರ್ಷದಿಂದ ಉಲ್ಟಾ ಮಾಡಿದೆವು. ಮನೆಯ ದಿನಚರಿಯಲ್ಲಿ ಎಲ್ಲಿ ಸಂದು ಸಿಗುತ್ತದೋ ಅಲ್ಲಿ ದೋಣಿ ಕೆಲಸ ತೂರಿಸುವುದು. ಇಲ್ಲಿ ಬರೆದಿರುವುದೆಲ್ಲ ಆ ಲೆಕ್ಕದಲ್ಲೇ ಇದೆ.

ಕೊಳ್ಳುವ ಮುಂಚೆ ಬಡಿದು ನೋಡಿ

ನಮ್ಮದು ಎಂಟರ್‌ಪ್ರೈಸ್ ಅನ್ನುವ ಜಾತಿಯ ದೋಣಿ. ಜ್ಯಾಕ್ ಹೋಲ್ಟ್ ಅನ್ನುವ ಇಂಗ್ಲೆಂಡಿನ ವಿನ್ಯಾಸಕಾರ 1956ರಲ್ಲಿ ರೂಪಿಸಿದ್ದು. ಉದ್ದ 13 ಅಡಿ 3 ಅಂಗುಲ, ಇಬ್ಬರು ನಡೆಸುವ ದೋಣಿ, ಹಾಯಿ ನೀಲಿ ಬಣ್ಣದ್ದು. ಎನ್‌ಸಿಸಿ ನೌಕಾ ವಿಭಾಗದಲ್ಲಿ ಇದ್ದವರು ಇದನ್ನು ನೋಡಿರುತ್ತಾರೆ. ಮನೆಮಂದಿಗೆ ಮೊದಲ ದೋಣಿಯಾಗಿ ಈ ಅಳತೆ ಸಾಕು. ಇನ್ನೂ ದೊಡ್ಡದು ತಂದರೆ ಅಂಗಳದಲ್ಲಿ ತಿರುಗಿಸಲಿಕ್ಕೂ ಆಗುವುದಿಲ್ಲ. ಇದರ ಖಾಲಿ ಒಡಲು ಸುಮಾರು 95 ಕಿಲೋ. ಆರು ಜನ ಸೇರಿದರೆ ಬೋರಲು ಹಾಕಬಹುದು. ಅಂದರೆ ಪಕ್ಕದ ಮನೆಯವರ ಜೊತೆ ಸಂಬಂಧ ಚೆನ್ನಾಗಿರಬೇಕು.

ಕೊಳ್ಳುವಾಗ ಬಣ್ಣ ನೋಡಿ ಮರುಳಾಗಬೇಡಿ. ಹೊಸ ಬಣ್ಣ ಬಳಿದಿದ್ದರೆ ಅನುಮಾನ ಜಾಸ್ತಿ ಇರಲಿ. ಐದು ರೂಪಾಯಿ ನಾಣ್ಯ ಹಿಡಿದು ಒಡಲನ್ನೆಲ್ಲ ಬಡಿಯುತ್ತಾ ಹೋಗಿ. ಗಟ್ಟಿ ಇದ್ದಲ್ಲಿ ಟಣ್ ಅನ್ನುತ್ತದೆ. ಫೈಬರ್ ಪದರ, ಅಂದರೆ ರೆಸಿನ್ ಅನ್ನುವ ಅಂಟಿನಲ್ಲಿ ಕೂರಿಸಿದ ಗಾಜಿನೆಳೆ, ಬಿಟ್ಟುಕೊಂಡಿದ್ದರೆ ಅಥವಾ ಒಳಗೆ ನೀರು ಕುಡಿದಿದ್ದರೆ ಡಬ್ ಅನ್ನುತ್ತದೆ.

ನಮ್ಮನೆಯವರು ಈ ಪರೀಕ್ಷೆಯನ್ನು ದೋಣಿ ಮನೆಗೆ ಬಂದ ಮೇಲೆ ಮಾಡಿದರು. ಅರ್ಧ ಗಂಟೆ ಬಡಿದು "ಎಲ್ಲ ಸರಿ ಇದೆ" ಅಂದರು. ಅತ್ತೆ ಕಟ್ಟೆ ಮೇಲೆ ಕೂತು ಕೇಳುತ್ತಿದ್ದವರು ಎದ್ದು ಬಂದು, "ಕೊಡು ಇಲ್ಲಿ" ಅಂತ ನಾಣ್ಯ ಇಸಿದುಕೊಂಡರು. ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ಬೆರಳಿನ ಗೆಣ್ಣಿನಿಂದ ಬಡಿದು ಬಿರುಕು ಹಿಡಿಯುವ ಕಿವಿ ಅವರದು. ತಲೆ ಸ್ವಲ್ಪ ವಾಲಿಸಿ, ಕಣ್ಣು ಮುಚ್ಚಿ, ಗೇಣು ಗೇಣಿಗೆ ಒಂದು ಸಲ ಬಡಿಯುತ್ತಾ ಹೋದರು. ಎಲ್ಲೆಲ್ಲಿ ಸದ್ದು ಸತ್ತಿತ್ತೋ ಅಲ್ಲಿ ರಂಗೋಲಿ ಪುಡಿಯಲ್ಲಿ ಒಂದು ಸುತ್ತು. ಮುಗಿದಾಗ ಹನ್ನೊಂದು ಸುತ್ತು ಇದ್ದವು. ಆಮೇಲೆ ಕೆರೆದು ನೋಡಿದರೆ ಹತ್ತು ಕಡೆ ನಿಜವಾಗಿಯೂ ಪದರ ಎದ್ದಿತ್ತು. ನಿಮ್ಮ ಮನೆಯಲ್ಲಿ ಗಡಿಗೆ ಬಡಿದು ನೋಡುವ ಹಿರಿಯರಿದ್ದರೆ ದೋಣಿ ಕೊಳ್ಳಲು ಕರೆದುಕೊಂಡೇ ಹೋಗಿ.

ಇನ್ನು ಹಿಂಬದಿ ಹಲಗೆ. ಚುಕ್ಕಾಣಿ ಸಿಗಿಸುವ ಜಾಗ ಅದು. ಫೈಬರಿನ ಒಳಗೆ ಪ್ಲೈವುಡ್ ಇರುತ್ತದೆ. ಅಲ್ಲಿನ ಒಂದು ಸ್ಕ್ರೂ ಬಿಚ್ಚಿ. ಕಂದು ನೀರು ಒಸರಿದರೆ ಒಳಗಿನ ಮರ ಕೊಳೆತಿದೆ ಅಂತ ಅರ್ಥ. ಅದೇನು ದೋಣಿ ಬಿಟ್ಟು ಬರುವಂಥ ದೋಷವಲ್ಲ, ರೇಟು ಇಳಿಸುವ ದೋಷ.

ಜಾಗ ಗೊತ್ತು ಮಾಡಿ, ನಿಯಮ ಬರೆದು ಅಂಟಿಸಿ

ದೋಣಿಗೆ ಬೇಕಾದ್ದು ನೆರಳು ಮತ್ತು ಗಾಳಿ. ಅಡುಗೆಮನೆ ಕಿಟಕಿಯ ಹತ್ತಿರ ಬೇಡ, ದೇವರಕೋಣೆಯ ಹತ್ತಿರವೂ ಬೇಡ. ರೆಸಿನ್ನಿನ ಹೊಗೆ, ಒರೆಸಲು ಬಳಸುವ ಅಸಿಟೋನಿನ ಆವಿ ಎರಡಕ್ಕೂ ಬೆಂಕಿ ಬೇಗ ಹತ್ತುತ್ತದೆ. ಗ್ಯಾಸ್ ಒಲೆಯೂ ಬೆಂಕಿಯೇ, ನಂದಾದೀಪವೂ ಬೆಂಕಿಯೇ. ಅಸಿಟೋನ್, ರೆಸಿನ್ ಗಟ್ಟಿ ಮಾಡುವ ಹಾರ್ಡನರ್ ಎಲ್ಲ ಮಕ್ಕಳ ಕೈಗೆ ಸಿಗದ, ಬಿಸಿಲು ತಾಗದ ಬೀಗದ ಪೆಟ್ಟಿಗೆಯಲ್ಲಿರಲಿ. ಕುಡಿಯುವ ನೀರಿನ ಬಾಟಲಿಯಲ್ಲಿ ಯಾವತ್ತೂ ತುಂಬಿಡಬೇಡಿ.

ನಮ್ಮ ಬಾಗಿಲ ಹಿಂದೆ ಮಗಳು ಬರೆದ ಹಾಳೆ ಇನ್ನೂ ಇದೆ. ಬೆಳಗ್ಗೆ ಎಂಟರ ನಂತರ ಫೈಬರ್ ಉಜ್ಜುವ ಗ್ರೈಂಡರ್ ಇಲ್ಲ. ಗಾಜಿನ ಧೂಳು ಮೈಮೇಲಿದ್ದರೆ ಹೊಸ್ತಿಲು ದಾಟುವಂತಿಲ್ಲ. ಫೈಬರ್ ಕೆಲಸದ ಬಟ್ಟೆ ಬೇರೆ ಬಕೆಟ್, ಒಗೆಯುವುದು ಯಾರ ಬಟ್ಟೆಯೋ ಅವರೇ. ಮಂಗಳವಾರ, ಶುಕ್ರವಾರ ಕೆಲಸ ಇಲ್ಲ, ಯಾಕೆಂದರೆ ಆವತ್ತು ಹುಲಿಗಿಗೆ ಬರುವ ನೆಂಟರು ನಮ್ಮಲ್ಲೇ ಊಟಕ್ಕೆ ಇಳಿಯುತ್ತಾರೆ. ಪರೀಕ್ಷೆ ತಿಂಗಳು ಪೂರ್ತಿ ಬಂದ್. ಆರನೇ ನಿಯಮ ಮಗನ ಒತ್ತಾಯಕ್ಕೆ ಸೇರಿದ್ದು: ಭಾನುವಾರ ಕೆಲಸ ಮುಗಿದರೆ ಒಗ್ಗರಣೆ ಮಂಡಕ್ಕಿ, ಮಿರ್ಚಿ ಕಡ್ಡಾಯ.

ಬಿಚ್ಚಿದ ಸ್ಕ್ರೂ, ನಟ್ಟು, ಕೊಂಡಿಗಳನ್ನು ಹಳೇ ಇಡ್ಲಿ ಪ್ಲೇಟಿನ ಗುಳಿಗಳಲ್ಲಿ ಹಾಕಿ. ಒಂದು ಗುಳಿಗೆ ಒಂದು ಜಾಗದ್ದು. ಯಾವ ಗುಳಿ ಎಲ್ಲಿಯದು ಅಂತ ಒಬ್ಬರು ನೋಟ್‌ಬುಕ್ಕಿನಲ್ಲಿ ಬರೆಯಲಿ, ಫೋನಿನಲ್ಲಿ ಫೋಟೋನೂ ತೆಗೆಯಲಿ. ಬಿಚ್ಚುವ ದಿನ ಎಲ್ಲ ನೆನಪಿರುತ್ತದೆ. ಕೂಡಿಸುವುದು ಎಂಟು ತಿಂಗಳ ಮೇಲೆ, ಅಲ್ವಾ.

ಡ್ಯಾಮಿನ ನೀರು ನೋಡಿ ಕ್ಯಾಲೆಂಡರ್ ಮಾಡಿ

ತುಂಗಭದ್ರಾ ಜಲಾಶಯ ಸಾಮಾನ್ಯವಾಗಿ ಜುಲೈ-ಆಗಸ್ಟ್‌ನಲ್ಲಿ ತುಂಬುತ್ತದೆ. ತುಂಬಿದಾಗ ಮಟ್ಟ 1633 ಅಡಿ. ಬೇಸಿಗೆ ಹೊತ್ತಿಗೆ ಹಿನ್ನೀರು ಕಿಲೋಮೀಟರುಗಟ್ಟಲೆ ಹಿಂದೆ ಸರಿದು ಬರೀ ಕೆಸರು ಉಳಿಯುತ್ತದೆ. 1953ರಲ್ಲಿ ಡ್ಯಾಮ್ ಮುಗಿದಾಗ 133 ಟಿಎಂಸಿ ಹಿಡಿಯುತ್ತಿದ್ದ ಜಾಗದಲ್ಲಿ ಈಗ ಹೂಳು ತುಂಬಿ ಸುಮಾರು 105 ಟಿಎಂಸಿ ಮಾತ್ರ ಹಿಡಿಯುತ್ತದೆ. ಆ ಹೂಳಿನಲ್ಲಿ ಮೇ ತಿಂಗಳಲ್ಲಿ ದೋಣಿ ಇಳಿಸಲು ಹೋದರೆ ದೋಣಿಯ ಜೊತೆ ನೀವೂ ಹೂತುಹೋಗುತ್ತೀರಿ. ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿಯೂ ಹುಚ್ಚು. ಕುಷ್ಟಗಿ ಕಡೆಯ ಗಾಳಿ ಗಿರಣಿಗಳನ್ನು ಅಲ್ಲಿ ಸುಮ್ನೆ ನಿಲ್ಲಿಸಿಲ್ಲ.

ಹಾಗಾಗಿ ನೀರಿನ ಮೇಲಿನ ಕಾಲ ಅಕ್ಟೋಬರಿನಿಂದ ಫೆಬ್ರವರಿ. ತೊಡಕು ಏನೆಂದರೆ ರೆಸಿನ್ ಕೆಲಸಕ್ಕೂ ಒಳ್ಳೆಯ ಕಾಲ ಅದೇ. ನಾವು ಒಂದು ಚಳಿಗಾಲ ಪೂರ್ತಿ ರಿಪೇರಿಗೆ ಬಿಟ್ಟೆವು, ಮುಂದಿನ ಚಳಿಗಾಲ ನೀರಿಗಿಳಿದೆವು. ಒಂದೇ ವರ್ಷದಲ್ಲಿ ಎರಡೂ ಮುಗಿಸುತ್ತೇವೆ ಅನ್ನುವವರಿಗೆ ಒಳ್ಳೆಯದಾಗಲಿ. ಬೇಸಿಗೆಯಲ್ಲಿ ನೆರಳಿನ ಕೆಲಸ ಇಟ್ಟುಕೊಳ್ಳಿ. ಹಾಯಿ ಹೊಲಿಯುವುದು, ಹಗ್ಗ, ಕೊಂಡಿ, ಚುಕ್ಕಾಣಿ ಪಾಲಿಶ್, ಇವೆಲ್ಲ ಫ್ಯಾನಿನ ಕೆಳಗೆ ಆಗುವಂಥವು. ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಯ ವಾರ ಯಾವ ಕೆಲಸವೂ ಆಗುವುದಿಲ್ಲ, ಅದನ್ನು ಮೊದಲೇ ಲೆಕ್ಕ ಹಿಡಿಯಿರಿ.

ತೊಳೆಯುವುದು

ಕರಾವಳಿಯಿಂದ ಬಂದ ದೋಣಿಯ ಮೂಲೆ ಮೂಲೆಯಲ್ಲಿ ಉಪ್ಪು ಇರುತ್ತದೆ. ಸಿಹಿನೀರಲ್ಲಿ ಎರಡು ಮೂರು ಸಲ ತೊಳೆಯಿರಿ. ಹಾಯಿಕಂಬ ಅಲ್ಯೂಮಿನಿಯಂ, ಅದಕ್ಕೆ ಹಾಕಿದ ಸ್ಕ್ರೂ ಸ್ಟೀಲು. ಎರಡು ಲೋಹ ಕೂಡಿದ ಕಡೆ ಉಪ್ಪುನೀರು ನಿಂತರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಸವೆಯುತ್ತದೆ. ಪುಡಿ ಕಂಡಲ್ಲಿ ಸ್ಕ್ರೂ ಬಿಚ್ಚಿ, ತೊಳೆದು, ಒಣಗಿಸಿ. ತೊಳೆದ ಮೇಲೆ ದೋಣಿ ಕನಿಷ್ಠ ಮೂರು ವಾರ ಒಣಗಲಿ. ಇಲ್ಲಿ ನಮ್ಮ ಊರಿನ ಬಿಸಿಲು ಲಾಭ. ತಂಪು ದೇಶದವರು ಹೀಟರ್ ಇಟ್ಟು ಒಣಗಿಸುತ್ತಾರೆ, ನಮಗೆ ಏಪ್ರಿಲ್ ಇದೆ.

ಒಣಗುವಾಗ ಬೋರಲು ಹಾಕಿ. ಆನೆಗುಂದಿಯಲ್ಲಿ ಹರಿಗೋಲುಗಳನ್ನು ದಂಡೆಯ ಮೇಲೆ ಕವುಚಿ ಹಾಕಿರುವುದನ್ನು ನೋಡಿರುತ್ತೀರಿ. 1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಪಾಯಸ್ ಕೂಡ ಆನೆಗುಂದಿಯ ಈ ಬುಟ್ಟಿಯಂಥ ದುಂಡು ದೋಣಿಗಳ ಬಗ್ಗೆ ಬರೆದಿದ್ದಾನೆ. ಆಗ ಹೊರಗೆ ಚರ್ಮ, ಈಗ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು. ಆದರೆ ಕವುಚಿ ಹಾಕುವುದು ಬದಲಾಗಿಲ್ಲ. ಮಳೆನೀರು ತುಂಬಿ ನಿಂತ ದೋಣಿ ಬೇಗ ಹಾಳಾಗುತ್ತದೆ.

ಒಂದು ವಿಷಯ ಮರೆಯಬೇಡಿ. ದೋಣಿಯ ಎರಡೂ ಪಕ್ಕ ಗಾಳಿ ತುಂಬಿದ ತೇಲುಗೂಡುಗಳಿರುತ್ತವೆ. ದಂಡೆಯಲ್ಲಿ ಇರುವಾಗ ಅವುಗಳ ಮುಚ್ಚಳ ತೆರೆದೇ ಇಡಿ. ಮುಚ್ಚಿಟ್ಟರೆ ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಬೆಸುಗೆ ಬಿಡುತ್ತದೆ.

ಫೈಬರ್ ಕೆಲಸ: ಮನೆ ಎದ್ದೇಳುವ ಮುಂಚೆ

ಇಲ್ಲಿ ಆತುರ ಬೇಡ. ಸಾಮಾನು ಹೊಸಪೇಟೆಯಲ್ಲೋ ಹುಬ್ಬಳ್ಳಿಯಲ್ಲೋ, ಫೈಬರ್ ಮೂರ್ತಿ, ಬಸ್ ಬಾಡಿ ಮಾಡುವವರು ತರುವ ಅಂಗಡಿಗಳಲ್ಲಿ ಸಿಗುತ್ತದೆ. ತಯಾರಾದ ತಾರೀಖು ನೋಡಿ ತನ್ನಿ. ನಮಗೆ ಒಂದು ಅಂಗಡಿಯವರು ವರ್ಷ ಹಳೆಯ ರೆಸಿನ್ ಕೊಟ್ಟರು. ಎರಡು ದಿನವಾದರೂ ಅಂಬಲಿಯ ಹಾಗೇ ಇತ್ತು. ಪೂರ್ತಿ ಕೆರೆದು ತೆಗೆಯಲು ಒಂದು ವಾರ ಹೋಯ್ತು.

ಪಾಲಿಯೆಸ್ಟರ್ ರೆಸಿನ್ ಅಗ್ಗ. ಎಪಾಕ್ಸಿ ದುಬಾರಿ, ಆದರೆ ಹಿಡಿತ ಗಟ್ಟಿ. ಎಪಾಕ್ಸಿ ಹಳೇ ಪಾಲಿಯೆಸ್ಟರ್ ಮೇಲೆ ಚೆನ್ನಾಗಿ ಕೂರುತ್ತದೆ, ಪಾಲಿಯೆಸ್ಟರ್ ಎಪಾಕ್ಸಿ ಮೇಲೆ ಸರಿಯಾಗಿ ಕೂರುವುದಿಲ್ಲ. ಹಾಗಾಗಿ ಯಾವ ಜಾಗಕ್ಕೆ ಯಾವುದು ಅಂತ ಮೊದಲೇ ತೀರ್ಮಾನಿಸಿ. ನಾವು ಒಡಲಿನ ತೇಪೆಗೆ ಪಾಲಿಯೆಸ್ಟರ್, ಮರ ಇರುವ ಕಡೆ ಎಪಾಕ್ಸಿ ಬಳಸಿದೆವು.

ಪಾಲಿಯೆಸ್ಟರ್ ಜೊತೆ ಎರಡು ಸಣ್ಣ ಬಾಟಲಿ ಬರುತ್ತವೆ. ಒಂದು ನೇರಳೆ ಬಣ್ಣದ ಕೋಬಾಲ್ಟ್ ಆಕ್ಸಿಲರೇಟರ್, ಇನ್ನೊಂದು ನೀರಿನ ಹಾಗೆ ಕಾಣುವ ಎಂಇಕೆಪಿ ಹಾರ್ಡನರ್. ಇವೆರಡನ್ನು ನೇರವಾಗಿ ಒಂದಕ್ಕೊಂದು ಬೆರೆಸಬೇಡಿ. ಬೆರೆಸಿದರೆ ಸಿಡಿಯುತ್ತದೆ, ಬೆಂಕಿ ಹತ್ತುತ್ತದೆ. ಮೊದಲು ಆಕ್ಸಿಲರೇಟರನ್ನು ರೆಸಿನ್ನಿಗೆ ಹಾಕಿ ಪೂರ್ತಿ ಕದಡಿ, ಆಮೇಲೆ ಹಾರ್ಡನರ್. ಹಾರ್ಡನರ್ ಹನಿ ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು. ಕನ್ನಡಕ ಇಲ್ಲದೆ ಬಾಟಲಿ ಮುಟ್ಟಬೇಡಿ. ಅಕಸ್ಮಾತ್ ಬಿದ್ದರೆ ಕನಿಷ್ಠ ಹದಿನೈದು ನಿಮಿಷ ಹರಿಯುವ ನೀರಲ್ಲಿ ತೊಳೆದು ನೇರ ಆಸ್ಪತ್ರೆಗೆ ಹೋಗಿ. ಮೂಗಿಗೆ ಬಟ್ಟೆ ಕಟ್ಟಿದರೆ ಸಾಲದು, ರಾಸಾಯನಿಕದ ಆವಿ ತಡೆಯುವ ಫಿಲ್ಟರ್ ಇರುವ ಮಾಸ್ಕ್ ಬೇಕು. ಗರ್ಭಿಣಿಯರು, ಸಣ್ಣ ಮಕ್ಕಳು ಆ ದಿನ ಅತ್ತ ಸುಳಿಯಬಾರದು.

ಹಾರ್ಡನರ್ ಲೆಕ್ಕ ರೆಸಿನ್ ತೂಕದ ಶೇ. 1ರಿಂದ 2. ನಮ್ಮ ಸೆಖೆಗೆ ಶೇ. 1 ಸಾಕು, ಅದಕ್ಕಿಂತ ಕಮ್ಮಿ ಮಾಡಬೇಡಿ, ಗಟ್ಟಿಯಾಗದೆ ಉಳಿಯುತ್ತದೆ. ಮೊದಲ ವರ್ಷ ಮೇ ತಿಂಗಳಲ್ಲಿ, ಬೆಳಗ್ಗೆ ಹನ್ನೊಂದಕ್ಕೆ, ಒಂದು ಕಿಲೋ ರೆಸಿನ್ನನ್ನು ಒಟ್ಟಿಗೇ ಕಲಸಿದೆವು. ಅದೂ ಅತ್ತೆಯ ಶೇಂಗಾ ಚಟ್ನಿ ಡಬ್ಬಿಯಲ್ಲಿ. ಐದೇ ನಿಮಿಷ. ಡಬ್ಬಿ ಕೈ ಸುಡುವಷ್ಟು ಬಿಸಿಯಾಯಿತು, ಹೊಗೆ ಎದ್ದಿತು, ಒಳಗಿನದು ಬಿರುಕು ಬಿಟ್ಟ ಬೆಲ್ಲದ ಅಚ್ಚಿನಂತಾಯಿತು. ಡಬ್ಬಿ ಹೋಯ್ತು. ಆ ಡಬ್ಬಿಯ ಮಾತು ಈಗಲೂ ಹಬ್ಬಕ್ಕೊಮ್ಮೆ ಬರುತ್ತದೆ.

ಆಮೇಲೆ ಕಲಿತದ್ದು ಹೀಗೆ. ಸೆಖೆ ಸುಮಾರು 10 ಡಿಗ್ರಿ ಏರಿದರೆ ರೆಸಿನ್ ಕೈಗೆ ಸಿಗುವ ಹೊತ್ತು ಹೆಚ್ಚುಕಮ್ಮಿ ಅರ್ಧವಾಗುತ್ತದೆ. ಆದ್ದರಿಂದ ಬೆಳಗಿನ ಐದರಿಂದ ಏಳೂವರೆ ನಮ್ಮ ಹೊತ್ತು. ಒಂದು ಸಲಕ್ಕೆ 200 ಗ್ರಾಂ ಮಾತ್ರ. ಕಲಸಿದ ತಕ್ಷಣ ಅಗಲವಾದ ತಟ್ಟೆಗೆ ಸುರಿಯಿರಿ. ಆಳದ ಡಬ್ಬಿಯಲ್ಲಿ ಬಿಸಿ ಒಳಗೇ ಉಳಿದು ಬೇಗ ಗಟ್ಟಿಯಾಗುತ್ತದೆ, ತಟ್ಟೆಯಲ್ಲಿ ಹರಡಿದರೆ ತಡವಾಗುತ್ತದೆ. ಬಿಸಿ ಅನ್ನ ಆರಲು ತಟ್ಟೆಗೆ ಹರಡುತ್ತೇವಲ್ಲ, ಅದೇ ಲೆಕ್ಕ.

ಐದು ಗಂಟೆಗೆ ಏಳುವುದು ನನಗೇನೂ ಹೊಸದಲ್ಲ. ಹೇಗೂ ಅಂಗಳಕ್ಕೆ ನೀರು ಚಿಮುಕಿಸಬೇಕು. ಅದೂ ಕೆಲಸಕ್ಕೆ ಬಂತು. ಉಕ್ಕಿನ ಕಾರ್ಖಾನೆಗಳಿರುವ ಗಿಣಿಗೇರಾ ಕಡೆಯಿಂದ ಗಾಳಿ ಬೀಸಿದ ದಿನ ಕರಿ ಧೂಳು ಎಲ್ಲದರ ಮೇಲೂ ಕೂರುತ್ತದೆ. ನೆಲಕ್ಕೆ ನೀರು ಬಿದ್ದರೆ ಅರ್ಧ ಧೂಳು ಅಲ್ಲೇ ಕೂರುತ್ತದೆ. ನೀರು ಚಿಮುಕಿಸಿ, ಅರ್ಧ ಗಂಟೆ ಬಿಟ್ಟು ರೆಸಿನ್ ಅಥವಾ ಬಣ್ಣಕ್ಕೆ ಕೈ ಹಾಕಿ. ದೋಣಿಯ ಮೇಲೆ ಮಾತ್ರ ಒಂದು ಹನಿಯೂ ಬೀಳಬಾರದು.

ಈಗ ತೇಪೆ. ಕೆಟ್ಟ ಪದರವನ್ನು 40 ನಂಬರಿನ ಉಜ್ಜುಕಾಗದದಿಂದ ಗಟ್ಟಿ ಫೈಬರ್ ಸಿಗುವ ತನಕ ಉಜ್ಜಿ ತೆಗೆಯಿರಿ. ಅಂಚನ್ನು ದಿಢೀರ್ ಕತ್ತರಿಸದೆ ಇಳಿಜಾರು ಮಾಡಿ. ಒಡಲು 3 ಮಿ.ಮೀ. ದಪ್ಪ ಇದ್ದರೆ ಅದರ 12 ಪಟ್ಟು, ಅಂದರೆ ಸುಮಾರು 36 ಮಿ.ಮೀ. ಅಗಲದ ಇಳಿಜಾರು ಸುತ್ತಲೂ ಬೇಕು. ರೊಟ್ಟಿ ಬಡಿಯುವಾಗ ಅಂಚು ತೆಳ್ಳಗಾಗುತ್ತಾ ಹೋಗುತ್ತದಲ್ಲ, ಹಾಗೆ. ಇಳಿಜಾರು ಇಲ್ಲದ ತೇಪೆ ಒಂದೇ ವರ್ಷದಲ್ಲಿ ಬಿಲ್ಲೆಯ ಹಾಗೆ ಎದ್ದು ಬರುತ್ತದೆ. ಅಸಿಟೋನಿನಲ್ಲಿ ಒರೆಸಿ, ರೆಸಿನ್ ಬಳಿದು, ಚದರ ಮೀಟರಿಗೆ 450 ಗ್ರಾಂ ತೂಗುವ ಫೈಬರ್ ಮ್ಯಾಟ್ ಕೂರಿಸಿ. ಮ್ಯಾಟಿನ ತೂಕದ ಎರಡರಿಂದ ಎರಡೂವರೆ ಪಟ್ಟು ರೆಸಿನ್ ಕುಡಿಯುತ್ತದೆ. ಬ್ರಷ್ಷಿನಲ್ಲಿ ಎಳೆಯಬೇಡಿ, ಕುಟ್ಟಿ. ಬಿಳಿ ಕಲೆ ಕಂಡರೆ ಒಳಗೆ ಗಾಳಿ ಇದೆ. ಅದು ಹೊರಗೆ ಹೋಗಿ ಮ್ಯಾಟ್ ಪಾರದರ್ಶಕ ಆಗುವ ತನಕ ಕುಟ್ಟುತ್ತಿರಿ. ಗಟ್ಟಿಯಾದ ಮೇಲೂ ಮೇಲ್ಮೈ ಅಂಟಂಟು ಇರುತ್ತದೆ. ಗಾಳಿ ತಾಗುವ ಮೇಲ್ಪದರ ಪೂರ್ತಿ ಒಣಗುವುದಿಲ್ಲ, ಅದು ಅದರ ಸ್ವಭಾವ. ಅಸಿಟೋನಿನಲ್ಲಿ ಒರೆಸಿ ಮುಂದುವರಿಯಿರಿ.

ತಗ್ಗು ತುಂಬಲು ಕಾರಿನ ಪುಟ್ಟಿ ಬಳಸಬೇಡಿ, ನೀರಿನ ಕೆಳಗೆ ಅದು ನೀರು ಕುಡಿಯುತ್ತದೆ. ಎಪಾಕ್ಸಿಗೆ ಫಿಲ್ಲರ್ ಪುಡಿ ಬೆರೆಸಿ ತೆಳುವಾಗಿ ಹಚ್ಚಿ. ದಪ್ಪಗೆ ಒಂದೇ ಸಲ ಮೆತ್ತುವ ಆಸೆ ಎಲ್ಲರಿಗೂ ಬರುತ್ತದೆ. ನಾನು ಕಿನ್ನಾಳದಲ್ಲಿ ಗೊಂಬೆ ಮಾಡುವುದನ್ನು ನೋಡಿದ್ದೆ. ಹುಣಸೆ ಬೀಜದ ಅಂಟು ಹಾಕಿದ ಮೆತ್ತುವ ಹದವನ್ನು ಅವರು ಪದರ ಪದರವಾಗಿ ಹಚ್ಚಿ, ಒಣಗಿಸಿ, ಉಜ್ಜಿ, ಮತ್ತೆ ಹಚ್ಚುತ್ತಾರೆ. ದೋಣಿಗೂ ಬೇಕಾದ್ದು ಅದೇ ತಾಳ್ಮೆ. ಎಪಾಕ್ಸಿ ಒಣಗಿದ ಮೇಲೆ ಜಿಡ್ಡಿನಂಥ ಪೊರೆ ಬಂದರೆ ಅದನ್ನು ನೀರು ಮತ್ತು ಸ್ಕ್ರಬ್ಬರಿನಲ್ಲಿ ತೊಳೆದು ಆಮೇಲೆ ಉಜ್ಜಿ. ತೊಳೆಯದೆ ಉಜ್ಜಿದರೆ ಮುಂದಿನ ಪದರ ಹಿಡಿಯುವುದಿಲ್ಲ.

80, 120, 220 ಅಂತ ಕಾಗದ ಏರಿಸುತ್ತಾ ಹೋಗಿ. 220ರ ನೀರುಜ್ಜು ಮಕ್ಕಳಿಗೆ ಕೊಡಬಹುದಾದ ಕೆಲಸ. ಧೂಳು ಏಳುವುದಿಲ್ಲ, ನೀರಾಟವೂ ಆಗುತ್ತದೆ. ಒಣ ಉಜ್ಜುವಿಕೆ ಮಾತ್ರ ದೊಡ್ಡವರದು. ಉಜ್ಜುವ ಮುಂಚೆ ಕೈಗೆ, ಕುತ್ತಿಗೆಗೆ ಪೌಡರ್ ಬಳಿದುಕೊಳ್ಳಿ. ಮುಗಿದ ಮೇಲೆ ತಣ್ಣೀರಲ್ಲಿ ಮೈ ತೊಳೆಯಿರಿ. ನಾನು ಒಂದು ದಿನ ಇದೆಲ್ಲ ಬಿಟ್ಟು, ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಉಜ್ಜಿದ್ದೆ. ಮೂರು ರಾತ್ರಿ ತುರಿಕೆ.

ಬಣ್ಣ ಬಿಳಿಯೇ ಇರಲಿ. ಮಗನಿಗೆ ಕಪ್ಪು ಬೇಕಿತ್ತು, ಕಡಲುಗಳ್ಳರ ದೋಣಿ ಥರ. ನಮ್ಮ ಬಿಸಿಲಲ್ಲಿ ಕಪ್ಪು ಒಡಲು ಎಷ್ಟು ಕಾಯುತ್ತದೆಂದರೆ ಮನೆಯಲ್ಲಿ ಒಣಗಿಸಿದ ಎಪಾಕ್ಸಿ ಮೆತ್ತಗಾಗಿ ತೇಪೆಯ ಗುರುತು ಎದ್ದು ಕಾಣುತ್ತದೆ. ಚುಕ್ಕಾಣಿಯ ಹಿಡಿಗೆ ಮಾತ್ರ ಕಪ್ಪು ಬಳಿಯಲು ಬಿಟ್ಟೆವು.

ಸೋರಿಕೆ ಹುಡುಕುವುದು

ಇಂಥ ದೋಣಿಯ ನಡುವೆ ಒಂದು ಉದ್ದನೆಯ ಡಬ್ಬಿ ಇರುತ್ತದೆ. ಅದರೊಳಗಿಂದ ಸೆಂಟರ್‌ಬೋರ್ಡ್ ಅನ್ನುವ ಹಲಗೆ ಕೆಳಗಿಳಿದು ದೋಣಿ ಪಕ್ಕಕ್ಕೆ ಜಾರದಂತೆ ತಡೆಯುತ್ತದೆ. ಹಳೇ ದೋಣಿ ಸೋರುವುದು ಹೆಚ್ಚಾಗಿ ಈ ಡಬ್ಬಿಯ ಬುಡದಲ್ಲೇ. ದೋಣಿಯನ್ನು ನಾಲ್ಕು ಟೈರಿನ ಮೇಲೆ ಗಟ್ಟಿಯಾಗಿ ಕೂರಿಸಿ ಒಳಗೆ ನಾಲ್ಕೈದು ಬಕೆಟ್ ನೀರು ಹಾಕಿ. ಜಾಸ್ತಿ ಬೇಡ, 100 ಲೀಟರ್ ಅಂದರೆ 100 ಕಿಲೋ ಭಾರ. ಕೆಳಗೆ ಒಣ ಸಿಮೆಂಟ್ ಚೀಲ ಹಾಸಿ. ಎಲ್ಲಿ ಚೀಲ ಒದ್ದೆಯಾಯಿತೋ ಅದರ ನೇರ ಮೇಲೆ ತೂತು ಅಂದುಕೊಳ್ಳಬೇಡಿ, ನೀರು ಒಡಲಿಗೆ ಅಂಟಿಕೊಂಡು ಇಳಿಜಾರಿಗೆ ಹರಿದು ಬೇರೆಲ್ಲೋ ಬೀಳುತ್ತದೆ. ಟಾರ್ಚ್ ಹಿಡಿದು ಹನಿಯ ಹಾದಿ ಹಿಂಬಾಲಿಸಬೇಕು. ನಮ್ಮಲ್ಲಿ ಈ ಕೆಲಸಕ್ಕೆ ಮಗನನ್ನು ಮಲಗಿಸಿದ್ದೆವು, ಸಣ್ಣ ದೇಹ ಸಲೀಸಾಗಿ ಕೆಳಗೆ ಹೋಗುತ್ತದೆ ಅಂತ. ದೋಣಿ ಅಲುಗದಂತೆ ಎರಡೂ ಕಡೆ ಕಲ್ಲು ಕೊಟ್ಟಿದ್ದೆವು, ಒಬ್ಬರು ಹಿಡಿದೂ ನಿಂತಿದ್ದೆವು. ನೀವು ಇದನ್ನು ಮಾಡುವುದಾದರೆ ಅಷ್ಟು ಮಾಡಿಯೇ ಮಾಡಿ.

ತೇಲುಗೂಡಿಗೆ ಬೇರೆ ಪರೀಕ್ಷೆ. ಮುಚ್ಚಳ ಹಾಕಿ, ಅಂಚಿಗೆಲ್ಲ ಸಾಬೂನು ನೀರು ಬಳಿದು, ಪೈಪಿನಲ್ಲಿ ಬಾಯಿಂದ ಊದಿ. ಗುಳ್ಳೆ ಎದ್ದಲ್ಲಿ ಸೋರಿಕೆ. ಕಂಪ್ರೆಸರ್ ಹಚ್ಚಬೇಡಿ, ಗೂಡು ಒಡೆಯುತ್ತದೆ. ದೋಣಿ ಮಗುಚಿದಾಗ ನಿಮ್ಮನ್ನು ಮುಳುಗದಂತೆ ಹಿಡಿಯುವುದು ಈ ಗೂಡುಗಳೇ, ಹಾಗಾಗಿ "ಸ್ವಲ್ಪ ಸೋರುತ್ತೆ, ಪರವಾಗಿಲ್ಲ" ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ಹಿಂಬದಿ ಹಲಗೆಯ ಕೊಳೆತ ಪ್ಲೈವುಡ್ ಬದಲಿಸುವಾಗ ಐಎಸ್ 710 ಗುರುತಿನ ಮರೀನ್ ಪ್ಲೈ ಕೇಳಿ ತನ್ನಿ. ಕತ್ತರಿಸಿದ ಅಂಚಿಗೆ, ಪ್ರತಿ ತೂತಿನ ಒಳಗೂ ಎಪಾಕ್ಸಿ ಕುಡಿಸಿ. ಪ್ಲೈ ನೀರು ಕುಡಿಯುವುದೇ ಅಂಚಿನಿಂದ.

ತಂತಿ, ಕೊಂಡಿ, ಕಂಬ

ಕಂಬ ನಿಂತಿರುವುದು ಮುಂದೊಂದು, ಪಕ್ಕಕ್ಕೆರಡು ಸ್ಟೀಲ್ ತಂತಿಗಳ ಬಲದ ಮೇಲೆ. ಹಳೇ ಹತ್ತಿ ಬಟ್ಟೆಯನ್ನು ತಂತಿಗೆ ಸುತ್ತಿ ಮೇಲಿಂದ ಕೆಳಗೆ ಎಳೆಯಿರಿ. ಬಟ್ಟೆ ಸಿಕ್ಕಿಕೊಂಡರೆ ಅಲ್ಲಿ ಎಳೆ ಕಡಿದಿದೆ. ಒಂದು ಎಳೆ ಕಡಿದಿದ್ದರೂ ತಂತಿ ಬದಲಿಸಿ, ಬದಲಿಸುವಾಗ ಮೂರನ್ನೂ ಬದಲಿಸಿ. ಕೊಂಡಿಗಳನ್ನು ಭೂತಗನ್ನಡಿಯಲ್ಲಿ ನೋಡಿ, ಕೂದಲೆಳೆಯ ಬಿರುಕು ಬರಿಗಣ್ಣಿಗೆ ಕಾಣುವುದಿಲ್ಲ. ನಮ್ಮನೆಯವರು ಇಲ್ಲಿ ಉಳಿತಾಯ ಮಾಡಲು ಹೊರಟಿದ್ದರು. ನಾನು ಡ್ಯಾಮಿನ ಕಡೆ ಕೈ ತೋರಿಸಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ಕಡಿದು ಗೇಟೇ ಕೊಚ್ಚಿಹೋಗಿದ್ದು ಈ ಭಾಗದಲ್ಲಿ ಯಾರಿಗೆ ಮರೆತಿದೆ? ಮಾರನೇ ದಿನವೇ ಹೊಸ ತಂತಿಗೆ ದುಡ್ಡು ಬಂತು.

ಹಾಯಿ ಅತ್ತೆಯ ಪಾಲಿಗೆ

ಹಾಯಿಯ ಬಟ್ಟೆ ಪಾಲಿಯೆಸ್ಟರ್. ಬಟ್ಟೆಗಿಂತ ಮೊದಲು ಸಾಯುವುದು ದಾರ. ಹೊಲಿಗೆಯ ಮೇಲೆ ಹೆಬ್ಬೆರಳಿನ ಉಗುರು ಎಳೆಯಿರಿ. ದಾರ ಕಿತ್ತು ಬಂದರೆ ಪೂರ್ತಿ ಹೊಲಿಗೆ ಮತ್ತೆ ಹಾಕಬೇಕು. ಹತ್ತಿ ದಾರ ಬೇಡ, ಬಿಸಿಲು ತಡೆಯುವ ಪಾಲಿಯೆಸ್ಟರ್ ದಾರವೇ ಆಗಬೇಕು. ಹೊಲಿಗೆ ಜಿಗ್‌ಜಾಗ್ ಇರಲಿ, ಗಾಳಿ ಎಳೆದಾಗ ಅದು ಹಿಗ್ಗಿಕೊಡುತ್ತದೆ, ನೇರ ಹೊಲಿಗೆ ಕಡಿಯುತ್ತದೆ. ಸೂಜಿ 16ರಿಂದ 18ನೇ ನಂಬರು. ಅತ್ತೆಯ ಹಳೇ ಕಾಲ್ತುಳಿ ಮೆಷಿನ್ ನೇರ ಹೊಲಿಗೆ ಮಾತ್ರ ಹಾಕುತ್ತದೆ. ಅವರು ಪ್ರತಿ ನಾಲ್ಕು ಹೆಜ್ಜೆಗೆ ಬಟ್ಟೆಯನ್ನು ಕೈಯಲ್ಲಿ ಎಡ-ಬಲ ತಿರುಗಿಸಿ ಜಿಗ್‌ಜಾಗ್ ಮಾಡಿದರು. ಹದಿಮೂರು ದಿನ ಹಿಡಿಯಿತು. ಹಾಯಿ ಹರಡಿದ್ದ ಹಾಲ್‌ನಲ್ಲಿ ನಾವು ಗೋಡೆ ಹಿಡಿದು ಓಡಾಡಿದೆವು. ಅವಸರ ಇದ್ದವರು ಜಿಗ್‌ಜಾಗ್ ಮೆಷಿನ್ ಇರುವ ಟೇಲರ್ ಹತ್ತಿರ ಹೋಗಿ.

ಹಾಯಿಯನ್ನು ವಾಷಿಂಗ್ ಮೆಷಿನ್ನಿಗೆ ಹಾಕಬೇಡಿ, ಇಸ್ತ್ರಿ ಮಾಡಬೇಡಿ. ಬಕೆಟ್ಟಿನಲ್ಲಿ ಸೌಮ್ಯ ಸಾಬೂನು, ಒಣಗಿಸುವುದು ನೆರಳಲ್ಲಿ. ಮುದ್ದೆ ಮಾಡದೆ ಮಡಿಚಿ ಅಥವಾ ಸುತ್ತಿ ಇಡಿ. ಇಲಿ ಇದ್ದರೆ ತಗಡಿನ ಟ್ರಂಕು.

ದುಡ್ಡಿನ ಮಾತು

ತಿಂಗಳಿಗೆ ಇಷ್ಟೇ ಅಂತ ಗೊತ್ತು ಮಾಡಿ, ಸ್ಕೂಲ್ ಫೀಸ್ ತಿಂಗಳು ಸೊನ್ನೆ. ರೆಸಿನ್ನಿಗಿಂತ ಉಜ್ಜುಕಾಗದ, ಗ್ಲೌಸ್, ಬ್ರಷ್, ಅಸಿಟೋನ್ ಇವುಗಳೇ ಸದ್ದಿಲ್ಲದೆ ಹಣ ತಿನ್ನುತ್ತವೆ. ದೊಡ್ಡ ಸಾಮಾನಿನ ಬೆಲೆ ಕೇಳಿ ಬಜೆಟ್ ಹಾಕಿ, ಅದಕ್ಕೆ ಇನ್ನರ್ಧ ಸೇರಿಸಿ. ಬಿಲ್ಲುಗಳನ್ನು ಮುಚ್ಚಿಡುವ ಗಂಡಂದಿರಿಗೆ ಹೇಳುವುದು, ಅವು ಪ್ಯಾಂಟಿನ ಜೇಬಿನಲ್ಲಿ ಒಗೆಯುವಾಗ ಸಿಗುತ್ತವೆ.

ನೀರಿಗಿಳಿಸುವ ಮುಂಚೆ

ಜಲಾಶಯಕ್ಕೆ ದೋಣಿ ಇಳಿಸಲು ಅಲ್ಲಿನ ಆಡಳಿತದ ಅನುಮತಿ ಬರವಣಿಗೆಯಲ್ಲಿ ಪಡೆಯಿರಿ. ಡ್ಯಾಮಿನ ಗೋಡೆ, ಗೇಟು, ಕಾಲುವೆಯ ಬಾಯಿ ಇವುಗಳ ಕಡೆ ಮುಖವನ್ನೂ ಹಾಕಬೇಡಿ. ಡ್ಯಾಮಿನ ಕೆಳಗಿನ ಹೊಳೆಗೆ ಈ ದೋಣಿ ಬೇಡವೇ ಬೇಡ. ಬಂಡೆ, ಸೆಳವು, ಮೊಸಳೆ ಮೂರೂ ಇವೆ. ಮುದ್ಲಾಪುರದಿಂದ ಕಂಪ್ಲಿವರೆಗಿನ ಹೊಳೆ ನೀರುನಾಯಿಗಳ ಸಂರಕ್ಷಿತ ಪ್ರದೇಶ, 2015ರಿಂದ. ಹಿನ್ನೀರಿನಲ್ಲಿ ಮೀನುಗಾರರ ಬಲೆಗಳಿರುತ್ತವೆ. ಅವರನ್ನು ಮೊದಲೇ ಮಾತಾಡಿಸಿ, ಬಲೆ ಎಲ್ಲಿದೆ ಕೇಳಿ. ನೀರೊಳಗಿನ ಮರದ ಬೊಡ್ಡೆಗಳ ಜಾಗ ಅವರಿಗೇ ಗೊತ್ತು.

ಈಜು ಬಂದರೂ ಲೈಫ್ ಜಾಕೆಟ್ ಎಲ್ಲರಿಗೂ. ಮಕ್ಕಳದ್ದು ಅವರ ತೂಕಕ್ಕೆ ತಕ್ಕದ್ದು, ಕಾಲ ಸಂದಿನ ಪಟ್ಟಿ ಇರುವಂಥದ್ದು. ಇಲ್ಲದಿದ್ದರೆ ನೀರಲ್ಲಿ ಮಗು ಕೆಳಗೆ, ಜಾಕೆಟ್ ಮೇಲೆ. ಸೀಟಿ ಕಟ್ಟಿ. ಮೊದಲ ದಿನ ಎದೆಮಟ್ಟದ ನೀರಲ್ಲಿ ಬೇಕಂತಲೇ ದೋಣಿ ಮಗುಚಿ, ಸೆಂಟರ್‌ಬೋರ್ಡಿನ ಮೇಲೆ ನಿಂತು ಎಬ್ಬಿಸುವುದನ್ನು ಕಲಿಯಿರಿ. ನಾವು ಆರು ಸಲ ಮಗುಚಿದೆವು. ದಂಡೆಯ ಮೇಲೆ ಕುರಿ ಮೇಯಿಸುತ್ತಿದ್ದವರು ಅರ್ಧ ದಿನ ಅಲ್ಲೇ ಕೂತು ನೋಡಿದರು. ಗಂಟುಗಳನ್ನು ಮನೆಯಲ್ಲೇ ಕಲಿಯಬಹುದು, ಬಟ್ಟೆ ತಂತಿಗೆ ಹಗ್ಗ ಕಟ್ಟಿ. ಎತ್ತಿಗೆ ಕಣ್ಣಿ ಕಟ್ಟಿ ಗೊತ್ತಿದ್ದವರಿಗೆ ಬೋಲೈನ್ ಅನ್ನುವ ಕುಣಿಕೆ ಗಂಟು ಒಂದು ನಿಮಿಷದ ಕೆಲಸ.

ವರ್ಷ ವರ್ಷದ ಆರೈಕೆ

ಪ್ರತಿ ಸಲ ನೀರಿನಿಂದ ಬಂದ ಮೇಲೆ ಒಳಗಿನ ನೀರು ಚೆಲ್ಲಿ, ಒರೆಸಿ, ಮುಚ್ಚಳ ತೆರೆದು, ಹಾಯಿ ಒಣಗಿಸಿ ಇಡಿ. ಕೆಲವು ವರ್ಷ ಜಲಾಶಯದ ನೀರು ಪಾಚಿಯಿಂದ ಹಸಿರಾಗಿರುತ್ತದೆ, ಆಗ ಅದೇ ದಿನ ತೊಳೆಯದಿದ್ದರೆ ಕಲೆ ಕೂರುತ್ತದೆ. ಟಾರ್ಪಾಲಿನ್ ಒಡಲಿಗೆ ತಾಗದಂತೆ ನಡುವೆ ಬಿದಿರು ಕೊಟ್ಟು ಹೊದಿಸಿ. ಮಾರ್ಚಿನಲ್ಲಿ ಎಲ್ಲ ಬಿಚ್ಚಿ ಒಂದು ಸಲ ಬಡಿದು ನೋಡಿ. ನಮ್ಮಲ್ಲಿ ಈಗ ಅತ್ತೆ ಬಡಿಯುತ್ತಾರೆ, ಮಗಳು ಪಕ್ಕದಲ್ಲಿ ಕಣ್ಣು ಮುಚ್ಚಿ ಕೇಳುತ್ತಾಳೆ, ಸುತ್ತು ಅವಳೇ ಹಾಕುತ್ತಾಳೆ. ಹೋದ ಸಲ ಎರಡೇ ಸುತ್ತು.

ಕೊನೆಯದಾಗಿ ಬಿರಡೆ. ದೋಣಿಯ ಹಿಂದೆ ನೀರು ಚೆಲ್ಲುವ ಒಂದು ತೂತಿರುತ್ತದೆ, ಅದಕ್ಕೊಂದು ರಬ್ಬರ್ ಬಿರಡೆ. ಮೊದಲ ಸಲ ನಾವು ಬುತ್ತಿ ಕಟ್ಟಿಕೊಂಡು, ಟ್ರಾಕ್ಟರ್ ಟ್ರೇಲರ್ ಮಾಡಿಕೊಂಡು, ದೋಣಿಗೆ ಕುಂಕುಮ ಹಚ್ಚಿ ಕಾಯಿ ಒಡೆದು ನೀರಿಗಿಳಿಸಿದೆವು. ಹತ್ತು ನಿಮಿಷಕ್ಕೆ ರೊಟ್ಟಿ ಗಂಟು ತೇಲತೊಡಗಿತು. ಬಿರಡೆ ಮನೆಯಲ್ಲಿ ಇಡ್ಲಿ ಪ್ಲೇಟಿನ ಗುಳಿಯಲ್ಲೇ ಇತ್ತು. ಈಗ ಅದು ಬಾಗಿಲ ಪಕ್ಕದ ಮೊಳೆಯಲ್ಲಿ, ಮನೆ ಕೀಲಿಯ ಗೊಂಚಲಿಗೇ ಕಟ್ಟಿದೆ. ಬೀಗ ಹಾಕದೆ ಯಾರೂ ಹೊರಡುವುದಿಲ್ಲವಲ್ಲ.